ಹೈಸಾ ಅನ್ನದೆ ಎಳೆದ ಹಗ್ಗ

ಶಹಾಪುರದ ಗುಡ್ಡದ ನೆತ್ತಿಯಲ್ಲಿ, ಎರಡು ಬಂಡೆಗಳ ಸೀಳಿನೊಳಗೆ ನಿನ್ನೆ ರೇಣಮ್ಮನ ಟಗರು ಬಿದ್ದಿತ್ತು. ಇಡೀ ಹಿಂಡಿಗೆ ಇದ್ದದ್ದು ಅದೊಂದೇ ಬೀಜದ ಟಗರು. ಇಂದು ತೆಗೆಯದಿದ್ದರೆ ನೀರಿಲ್ಲದೆ ಸಾಯುತ್ತಿತ್ತು. ಬೋರ್‌ವೆಲ್ ಮೋಟಾರು ಎತ್ತುವ ಹಾಶಿಮ ಹಗ್ಗ ಹೆಗಲಿಗೇರಿಸಿ ಹೊರಟ. ಹಿಂದೆ ನೀರಿನ ಕೊಡ ಹೊತ್ತ ರೇಣಮ್ಮ, ಪಿಯುಸಿ ಓದುವ ಅವಳ ಮಗಳು ಪರಿಮಳಾ.

ದಾರಿ ಎಂಬುದೇ ಇರಲಿಲ್ಲ. ಮನೆಗಾತ್ರದ ಗುಂಡುಗಳು ಒಂದರ ಮೇಲೊಂದು ಕೂತಿದ್ದವು. ಸಂದಿಸಂದಿಯಲ್ಲಿ ಸೀತಾಫಲದ ಪೊದೆ. ಕಾದ ಕಲ್ಲಿಗೆ ಅಂಗೈ ಊರಿದರೆ ಚುರ್ ಎನ್ನುತ್ತಿತ್ತು.

ಹಾಶಿಮ ಸೀಳಿಗಿಳಿದು ಟಗರಿಗೆ ಹಗ್ಗ ಬಿಗಿದು ಬಂದ. ಮೂವರೂ ಹಿಡಿದರು.

"ಜೋರ್ ಲಗಾಕೇ... ಹೈಸಾ!" ಹಾಶಿಮ ಕೂಗು ಹಾಕಿದ.

ಜಗ್ಗಿದರು. ಟಗರು ಮೊಳದಷ್ಟು ಎದ್ದಿತು. ಫಟ್! ಹಗ್ಗ ಹರಿಯಿತು.

"ಇದರವ್ವನ! ಮೊನ್ನಿ ಇದ ಹಗ್ಗ ಅರವತ್ತು ಕಿಲೋ ಮೋಟಾರ ಎತ್ಯದ. ನಲವತ್ತು ಕಿಲೋ ಟಗರಿಗೆ ಹೆಂಗ ಹರೀತು?" ಹಾಶಿಮ ಬೈದ.

"ಮೋಟಾರ ಹೆಂಗ ಎತ್ತಿದ್ಯೋ ಅಣ್ಣಾ?" ಪರಿಮಳಾ ಕೇಳಿದಳು.

"ಗಾಲಿ ತಿರುವಿ, ಸಾವಕಾಶ."

"ಈಗ?"

ಹಾಶಿಮ ಹಗ್ಗದ ಹರಿದ ತುದಿ ಕೈಗೆತ್ತಿಕೊಂಡ. "ಒಮ್ಮೆಲೆ ಜಗ್ಗಿದ್ವಿ."

ಅವಳು ಸುಣ್ಣದ ಕಲ್ಲಿನಿಂದ ಬಂಡೆಯ ಮೇಲೆ ಬರೆದಳು: ಬಲ = ದ್ರವ್ಯರಾಶಿ × ವೇಗೋತ್ಕರ್ಷ. "ಟಗರ ಸುಮ್ಮ ತೂಗಿದ್ರ, ಕಿಲೋಕ್ಕ ಹತ್ತರಂಗ, ನಾಕನೂರು ನ್ಯೂಟನ್. ಮೋಟಾರಿಗೆ ಆರನೂರು. ನಾವು ಜಗ್ಗಿದಾಗ ವೇಗ ಒಂದೊಂದು ಸೆಕೆಂಡಿಗೂ ಸೆಕೆಂಡಿಗೆ ಆರು ಮೀಟರಿನಂಗ ಏರಿತ್ತಂತ ಹಿಡಿ. ನಲವತ್ತು ಆರಲೆ ಇನ್ನೂರಾ ನಲವತ್ತು. ನಾಕನೂರಕ್ಕ ಕೂಡಿಸು."

"ಆರನೂರಾ ನಲವತ್ತು!" ಹಾಶಿಮನಿಗೆ ಮೈಯೆಲ್ಲ ಉರಿಯಿತು. "ಒಂಬತ್ತನೇ ಕ್ಲಾಸಿನ್ಯಾಗ ಇದನ್ನ ಬಡದು ಬಡದು ಬಾಯಿಪಾಠ ಮಾಡಿಸಿದ್ರು. ಹಗ್ಗ ಯಾಕ ಹರಿತದಂತ ಒಬ್ಬನರ ಹೇಳಿದ್ನೇನು?" ಕಲ್ಲಿಗೆ ಒದ್ದ. ಬೆರಳಿಗೆ ಪೆಟ್ಟಾಯಿತು. ಅಲ್ಲೇ ಕುಕ್ಕರಗಾಲಲ್ಲಿ ಕೂತ. "ಮುಂದ ಹೇಳು. ಗಂಟು ಹಾಕಿದ್ರ ಹಗ್ಗದ ಸತುವ ಇಳಿತದ. ಐನೂರ ತಡಿತದಂತ ಹಿಡಿ."

"ಉಳಿದಿದ್ದು ನೂರು. ಅದನ್ನ ನಲವತ್ತರಿಂದ ಭಾಗಿಸು."

"ಎರಡೂವರೆ."

"ವೇಗ ಅದಕ್ಕಿಂತ ಬಿರುಸು ಏರಬಾರದು."

"ಅಂದ್ರ ಹೈಸಾ ಬಂದ್. ಅದನ್ನ ಅಂದ್ರ ಕೈ ತಾನಾಗೇ ಜಗ್ಗತದ. ಬಾಯಿ ಮುಚ್ಚಿ ಎಳಿಬೇಕು."

"ಲೆಕ್ಕಾನೇ ಮಾಡ್ತೀರೋ, ಟಗರ ತೆಗಿತೀರೋ?" ಎನ್ನುತ್ತ ರೇಣಮ್ಮ ಹಗ್ಗ ಉಜ್ಜದಂತೆ ಬಂಡೆಯಂಚಿಗೆ ಕಂಬಳಿ ಹಾಸಿದಳು.

ಹಾಶಿಮ ಹರಿದ ಹಗ್ಗಕ್ಕೆ ಗಂಟು ಹಾಕಿ ಮತ್ತೆ ಇಳಿದ, ಮತ್ತೆ ಬಿಗಿದ. ಈ ಸಲ ಹಗ್ಗ ಗೇಣುಗೇಣಾಗಿ ಏರಿತು. ಗಂಟು ಕಿರುಗುಟ್ಟಿತು.

"ಹೈ..." ರೇಣಮ್ಮನ ಬಾಯಿಂದ ಹೊರಟಿತು.

"ಯವ್ವಾ!" ಪರಿಮಳಾ ಗದರಿದಳು.

ಅವಳು ತುಟಿ ಕಚ್ಚಿದಳು. ಅಂಗೈ ಸುಲಿಯಿತು. ಯಾರೂ ಜಗ್ಗಲಿಲ್ಲ. ಕೊಂಬು ಕಂಡಿತು. ಹಾಶಿಮ ಮುಗ್ಗರಿಸಿ ಹೋಗಿ ಹಿಡಿದುಕೊಂಡ. ಟಗರು ಮೇಲೆ ಬಂತು!

ಕೊಡದ ನೀರು ಕುಡಿಯಿತು. ಮೈ ಕೊಡವಿತು. ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿ ಬಂದು ಹಾಶಿಮನ ತೊಡೆಗೇ ಗುದ್ದಿತು.

ಅವನು ನೆಲದ ಮೇಲೆ ಕೂತೇ ಕೇಳಿದ: "ಇದರ ಬಲ ಎಷ್ಟು, ಪರಿಮಳಾ?"

"ವೇಗ ನೋಡಿಲ್ಲಣ್ಣಾ. ಇನ್ನೊಮ್ಮಿ ನಿಂದ್ರು, ಹೇಳ್ತೀನಿ."

ಹಾಶಿಮ ಹಗ್ಗ ಸುತ್ತಿ ಗುಡ್ಡ ಇಳಿಯತೊಡಗಿದ, ಟಗರಿನ ಹಿಂದೆ, ಎರಡು ಮಾರು ದೂರದಲ್ಲಿ.