ಕೊಟ್ಟಿಗೆಹಾರದ ಡಬ್ಬಿ ಪ್ರಕರಣ

2025ರ ನವೆಂಬರ್ 16, ಭಾನುವಾರ ಮಧ್ಯಾಹ್ನ 1.20ಕ್ಕೆ ಕಾಫಿ ಬೆಳೆಗಾರ ರುದ್ರಪ್ಪನವರು ಬಣಕಲ್ ಠಾಣೆಗೆ ಬಂದು ದೂರು ಕೊಟ್ಟರು. ಮಗ ದರ್ಶನ್, ಮೂವತ್ತನಾಲ್ಕು ವರ್ಷ, ಕೊಟ್ಟಿಗೆಹಾರದ ಮೇಲಿನ ತಮ್ಮ ಎಸ್ಟೇಟಿನಲ್ಲಿ ಕೊಲೆಯಾಗಿದ್ದಾನೆ; ಕೊಂದವನು ಆಳು ಭೂತಯ್ಯ. ಕಾರಣವನ್ನೂ ಅವರೇ ಒದಗಿಸಿದರು: ಸೌದೆ ಕಡಿದನೆಂದು ಹಿಂದಿನ ವಾರ ದರ್ಶನ್ ಅವನ ಕೆನ್ನೆಗೆ ಹೊಡೆದಿದ್ದ.

ಭೂತಯ್ಯನನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜೀಪಿನಲ್ಲಿ ಹಾಕಿಕೊಂಡು ಬಂದಿದ್ದ. ತುಟಿ ಒಡೆದಿತ್ತು, ಎಡಗಣ್ಣು ಊದಿ ಮುಚ್ಚಿತ್ತು. ಜೀಪಿನಿಂದ ಬಿದ್ದ ಎಂದ ರೈಟರ್.

“ಎಷ್ಟು ಸಲ?” ಎಂದು ಕೇಳಿದರು ಮೂಡಿಗೆರೆ ವೃತ್ತದ ಇನ್ಸ್‌ಪೆಕ್ಟರ್ ಶಾಂತಕುಮಾರಿ.

ಎಫ್‌ಐಆರ್‌ನಲ್ಲಿ ಭೂತಯ್ಯನ ಹೆಸರು ಬಿತ್ತು. ಮರುದಿನ ಮಧ್ಯಾಹ್ನದೊಳಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಕತ್ತಿ ಅವನದು, ಕೈಯಲ್ಲಿ ರಕ್ತ ಇತ್ತು, ಜಾಮೀನು ನಿಲ್ಲುವವರು ಯಾರೂ ಇರಲಿಲ್ಲ. ಒಳಗೆ ಹೋದರೆ ವರ್ಷಗಟ್ಟಲೆ ಒಳಗೇ.

3.05ಕ್ಕೆ ಸ್ಥಳ ಪಂಚನಾಮೆ. ಬಂಡೆಯ ಬುಡದಲ್ಲಿ ಶವ ಬೋರಲಾಗಿ ಬಿದ್ದಿತ್ತು. ಕುತ್ತಿಗೆಗೆ ಮೂರು ಏಟು, ಮೂರನೆಯದು ಮೂಳೆಗೆ ತಾಗಿ ನಿಂತಿತ್ತು. ತಡೆಯಲು ಎತ್ತಿದ ಬಲಗೈಯ ಎರಡು ಬೆರಳು ಗಜ ದೂರದಲ್ಲಿ ಉದುರಿದ ಕಾಫಿ ಹಣ್ಣಿನ ನಡುವೆ ಸಿಕ್ಕವು. ಬಣ್ಣ ಒಂದೇ ಆದ್ದರಿಂದ ಹುಡುಕಲು ಹೊತ್ತು ಹಿಡಿಯಿತು. ಬಂಡೆಯ ಸಂದಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಇಪ್ಪತ್ತು ಹೆಜ್ಜೆ ಆಚೆ ನೆರಳಿನಲ್ಲಿ ದರ್ಶನ್‌ನ ನಾಯಿ ಬ್ರೂನೋ. ಅದನ್ನು ಯಾರೋ ಗಿಡಕ್ಕೆ ಕಟ್ಟಿ, ಮುಂದೆ ದರ್ಶನ್‌ನ ಟೋಪಿಯಲ್ಲಿ ನೀರಿಟ್ಟಿದ್ದರು. ಅದರ ಚರ್ಮದ ಪಟ್ಟಿಯ ಗಂಟಿನ ಮೇಲೆ ರಕ್ತದ ಬೆರಳಚ್ಚು.

ಡಬ್ಬಿ ಅಡಗಿಸಿದವಳು ದಿವ್ಯಾ, ಚಿಕ್ಕಮಗಳೂರಿನ ಶಾಲೆಯೊಂದರ ಶಿಕ್ಷಕಿ. ಇದು ಜಿಯೋಕ್ಯಾಶಿಂಗ್ ಎಂಬ ಆಟ, ಒಬ್ಬರು ಕಾಡಿನಲ್ಲಿ ಡಬ್ಬಿ ಇಟ್ಟು ಅಕ್ಷಾಂಶ, ರೇಖಾಂಶ ಕೊಡುತ್ತಾರೆ, ಉಳಿದವರು ಫೋನ್ ಹಿಡಿದು ಹುಡುಕುತ್ತಾರೆ ಎಂದು ವಿವರಿಸಿದಳು.

“ಸಿಕ್ಕಿದ್ ಮೇಲೆ?” ಹೆಡ್ ಕಾನ್‌ಸ್ಟೇಬಲ್ ಓಂಕಾರಪ್ಪ ಕೇಳಿದರು.

“ಹೆಸರು ಬರ್ದು ಅಲ್ಲೇ ವಾಪಸ್ ಇಡೋದು.”

ಬರೆದುಕೊಳ್ಳುವ ಮುನ್ನ ಓಂಕಾರಪ್ಪ ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡರು.

ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮೂವರು ಗೆಳೆಯರು ಬಂದಿದ್ದರು. ಡಬ್ಬಿ ಇಟ್ಟವಳಾದ್ದರಿಂದ ದಿವ್ಯಾ ತನ್ನ ಪಗ್ ನಾಯಿಯೊಡನೆ ರಸ್ತೆಬದಿಯ ಚಹಾ ಅಂಗಡಿಯಲ್ಲೇ ಕೂತಿದ್ದಳು. ಅಂಗಡಿಯವನೂ ಹಾಗೇ ಹೇಳಿದ. ದರ್ಶನ್ ಮತ್ತು ರಂಗನಾಥ, ಮೊದಲು ಯಾರು ಕಾಣುತ್ತಾರೆಂಬ ಪಂದ್ಯದಲ್ಲಿ, 9.30ಕ್ಕೆ ಬೇರೆ ಬೇರೆ ದಾರಿ ಹಿಡಿದು ಹತ್ತಿದ್ದರು. ರಂಗನಾಥನಿಗೆ ಮೂಡಿಗೆರೆಯಲ್ಲಿ ಪಶು ಔಷಧಿ ಅಂಗಡಿ. ಮರಗಳ ಕೆಳಗೆ ಸಿಗ್ನಲ್ ಸಿಗಲಿಲ್ಲ, ಡಬ್ಬಿಯ ಹತ್ತಿರ ಹೋಗಲೇ ಇಲ್ಲ, ಹಳ್ಳದಲ್ಲಿ ಜಾರಿ ನೆನೆದು 11.30ಕ್ಕೆ ಇಳಿದೆ ಎಂದು ಹೇಳಿಕೆ ಕೊಟ್ಟ.

ಭೂತಯ್ಯನ ಮಾತು ಚಿಕ್ಕದು. ಕತ್ತಿಯನ್ನು ಮರದ ಮೋಟಿಗೆ ಹೊಡೆದು ನಿಲ್ಲಿಸಿ ನೀರು ಕುಡಿಯಲು ಹೋಗಿದ್ದ. ನಾಯಿ ಅಳುವುದು ಕೇಳಿ ಬಂದಾಗ ಸಣ್ಣ ಸಾಹುಕಾರ್ರು ಬಿದ್ದಿದ್ದರು, ಕತ್ತಿ ಕುತ್ತಿಗೆಯಲ್ಲಿತ್ತು. ಅವನು ಎಳೆದು ತೆಗೆದ.

“ಯಾಕೆ ತೆಗ್ದೆ?”

“ಹಂಗೇ ಬಿಡಕ್ ಆಗ್ತದಾ ಮೇಡಂ?”

“ನಾಯಿ ಕಟ್ಟಿದ್ದು ನೀನಾ?”

ಭೂತಯ್ಯ ಪ್ಯಾಂಟು ಮೇಲೆತ್ತಿ ಮೀನಖಂಡ ತೋರಿಸಿದ. ಏಳು ಹೊಲಿಗೆ, ಪಕ್ಕದಲ್ಲಿ ಹಳೆಯವು ನಾಲ್ಕು. “ಎಲ್ಲಾ ಅದ್ರುದ್ದೇ. ಹತ್ರ ಹೋಗೋದಾ?”

ಸೋಮವಾರ ಬೆಳಿಗ್ಗೆ 8.15ಕ್ಕೆ ಶಾಂತಕುಮಾರಿ ಡಬ್ಬಿಯ ವಸ್ತುಗಳನ್ನು ಮೇಜಿನ ಮೇಲೆ ಹರಡಿಸಿ ದಿವ್ಯಾಳನ್ನು ಕರೆಸಿದರು. ಹುಡುಕಿದವರು ಹೆಸರು ಬರೆಯಲೆಂದು ಡಬ್ಬಿಯಲ್ಲಿಟ್ಟ ಪುಸ್ತಕದಲ್ಲಿ ಯಾರ ಹೆಸರೂ ಇರಲಿಲ್ಲ. ಇಡುವಾಗ ತೆಗೆದ ಫೋಟೋ ದಿವ್ಯಾಳ ಫೋನಿನಲ್ಲಿತ್ತು. ಅದನ್ನೂ ಮೇಜನ್ನೂ ಅವಳು ಒಂದೊಂದಾಗಿ ಹೋಲಿಸಿ ನೋಡಿದಳು.

“ಹೇಳಮ್ಮ.”

“ನಾಯಿ ಆಡೋ ರಬ್ಬರ್ ಮೂಳೆ ಇಟ್ಟಿದ್ದೆ, ಇಲ್ಲ. ಈ ಟ್ಯೂಬ್ ನಾನು ಇಟ್ಟಿದ್ದಲ್ಲ.”

ಅದು ಉಣ್ಣಿಗೆ ಹಚ್ಚುವ ಔಷಧಿ, ಸೀಲು ಒಡೆದಿರಲಿಲ್ಲ.

“ಕದ್ದವನು ಬದಲಿಗೆ ಯಾಕೆ ಇಟ್ಟ?”

“ಕದಿಯೋದಲ್ಲ ಮೇಡಂ. ಒಂದು ತಗೊಂಡ್ರೆ ಅಷ್ಟೇ ಬೆಲೇದು ಒಂದು ಇಡ್ಬೇಕು. ನಮ್ಮಲ್ಲಿ ಯಾರೂ ತಪ್ಪಲ್ಲ.”

ಟ್ಯೂಬಿನ ಬ್ಯಾಚ್ ನಂಬರು ರಂಗನಾಥನ ಅಂಗಡಿಯ ಖರೀದಿ ಬಿಲ್ಲಿನಲ್ಲಿ ಸಿಕ್ಕಿತು. ಹಳ್ಳದ ಕೆಳಗಿನ ಬಿದಿರುಮೆಳೆಯಲ್ಲಿ ರಕ್ತ ಪೂರ್ತಿ ಹೋಗದ ಒಂದು ಜಾಕೆಟ್ಟು, ಅದರ ಜೇಬಿನಲ್ಲಿ ರಬ್ಬರ್ ಮೂಳೆ. 11.10ಕ್ಕೆ ರಂಗನಾಥನನ್ನು ಅಂಗಡಿಯಲ್ಲೇ ಬಂಧಿಸಲಾಯಿತು. ಗಿರಾಕಿಗೆ ಚಿಲ್ಲರೆ ಕೊಟ್ಟು ಮುಗಿಸಿ ಶಟರ್ ಎಳೆದ. ಗಂಟಿನ ಮೇಲಿನ ಬೆರಳಚ್ಚು ಅವನದೇ ಆಗಿತ್ತು. ಭೂತಯ್ಯನನ್ನು 12.30ಕ್ಕೆ ಬಿಟ್ಟರು; ತುಟಿ, ಕಣ್ಣಿನ ಬಗ್ಗೆ ರೈಟರ್ ಮೇಲೆ ಬೇರೆ ಪ್ರಕರಣ ದಾಖಲಾಯಿತು.

ರಂಗನಾಥ ಏನನ್ನೂ ಮುಚ್ಚಿಡಲಿಲ್ಲ. ಮೂರು ವಾರದ ಹಿಂದೆ ಅದೇ ಎಸ್ಟೇಟಿನಲ್ಲಿ ಅವನ ನಾಯಿ ಚೋಮಿ, ಕಾಡುಹಂದಿಗೆಂದು ಇಟ್ಟ ಸಿಡಿಮದ್ದಿನ ಉಂಡೆ ಕಚ್ಚಿ ಸತ್ತಿತ್ತು. ಇಡಿಸಿದ್ದವನು ದರ್ಶನ್, ಕಾನೂನಿಗೆ ವಿರುದ್ಧ ಎಂದು ಗೆಳೆಯರಿಗೆ ಹೇಳಿರಲಿಲ್ಲ.

“ದವಡೇನೇ ಹಾರಿಹೋಗಿತ್ತು. ಆದ್ರೂ ನನ್ ಕೈ ನೆಕ್ಕಕ್ ನೋಡ್ತಿತ್ತು. ಬ್ರೂನೋನ ಮರಿ ಒಂದು ಕೊಡ್ತೀನಿ ಬಿಡು ಅಂದ ಅವ್ನು.”

“ಕೊಲ್ಲಕ್ಕೇ ಹೋಗಿದ್ರಾ?”

“ಇಲ್ಲ. ನಾನೇ ಮೊದ್ಲು ಮುಟ್ದೆ. ಎಂಟು ವರ್ಷದ ರೂಢಿ, ಮೂಳೆ ಕಂಡ್ ತಕ್ಷಣ ಚೋಮಿಗೇಂತ ತಗೊಂಡ್ಬಿಟ್ಟೆ. ಜೇಬಲ್ಲಿ ಇದ್ದಿದ್ದನ್ನ ಇಟ್ಟೆ. ಆಮೇಲೆ ನೆನಪಾಯ್ತು. ಅಷ್ಟರಲ್ಲಿ ಅವ್ನು ಬಂದ. ಕೈ ನೋಡಿ ನಕ್ಕ. ಅದನ್ ಯಾರಿಗ್ ಕೊಡ್ತೀಯ ಮಾರಾಯ, ಅಂದ. ಮೋಟಲ್ಲಿ ಕತ್ತಿ ಇತ್ತು.”

ಆಮೇಲೆ ಬ್ರೂನೋ ರಕ್ತ ನೆಕ್ಕಲು ಬಂದದ್ದರಿಂದ ಅದನ್ನು ಆಚೆ ಕರೆದೊಯ್ದು ಕಟ್ಟಿ ನೀರಿಟ್ಟನಂತೆ. ಓಂಕಾರಪ್ಪ ಬರೆದು ಮುಗಿಸಿ ಸಹಿಗೆ ಹಾಳೆ ತಿರುಗಿಸಿದರು. ರಂಗನಾಥ ಪೆನ್ನು ಹಿಡಿದುಕೊಂಡೇ ಕೇಳಿದ:

“ಚೋಮಿ ಸತ್ತಾಗ ಇಲ್ಲಿಗೆ ಬಂದು ದೂರು ಕೊಟ್ಟಿದ್ರೆ ತಗೊಳ್ತಿದ್ರಾ ಮೇಡಂ?”

ಸಿಡಿಮದ್ದು ಇಡುವುದು ಅಪರಾಧ, ದೂರು ಖಂಡಿತ ತೆಗೆದುಕೊಳ್ಳಬೇಕಿತ್ತು ಎಂದರು ಶಾಂತಕುಮಾರಿ.

“ತಗೊಳ್ಬೇಕು ಅಂತ ಗೊತ್ತು,” ಎಂದು ಅವನು ಸಹಿ ಹಾಕಿದ.