ಕೊನೆಯ ಚೀಲದ ಚೀಟಿ

ಗಿರಣಿಯ ಬಾಗಿಲಲ್ಲಿ ಅವನು ಬಂದು ನಿಂತ. ಚೀಟಿ ಬರೆಯುತ್ತಿದ್ದ ಸಾಜಿಯಾ ಎದ್ದು ನಿಂತಳು. ಅವನು ಬಾಯಿ ತೆರೆದ...

ಸೀನಿದ. ಒಂದಲ್ಲ, ಒಂಬತ್ತು ಸಲ.

ಬ್ಯಾಡಗಿಯ ಖಾರದ ಗಿರಣಿಯಲ್ಲಿ ಹೀಗೆ ಸೀನುವವನು ಹೊರಗಿನವನೇ ಬಿಡಿ. ಮುಜಾಫರ ಹೊನ್ನಾವರದ ಆಚೆ, ಕಿರುದಂಡೆ ಎಂಬ ಮೀನುಗಾರರ ಊರಿನವನು. ಹೋದ ವರ್ಷ ಎರಡು ಕಿಲೋ ಮೆಣಸಿನಕಾಯಿ ಬೀಸಿಸಿಕೊಂಡು ಹೋದವನು, ಅಂದಿನಿಂದ ದಿನವೂ ಫೋನ್ ಮಾಡುತ್ತಿದ್ದ. ಎರಡು ಕಿಲೋ ಖಾರದ ಬಗ್ಗೆ ವರ್ಷವಿಡೀ ಏನು ಮಾತು ಎಂದು ಅವಳ ಅಜ್ಜಿ, ದಾದಿ ಬಿಸ್ಮಿಲ್ಲಾಬಿ ಕೇಳಿದರೆ ಸಾಜಿಯಾ ಯಂತ್ರ ಚಾಲು ಮಾಡಿಬಿಡುತ್ತಿದ್ದಳು.

ಇಂದು ಉತ್ತರ ಕೊಡಲೇಬೇಕಿತ್ತು. ರಾಣೆಬೆನ್ನೂರಿನ ವರನ ಕಡೆಯವರು ಸಂಜೆಯೊಳಗೆ ಹೂಂ ಅಥವಾ ಉಹೂಂ ಹೇಳಿ ಎಂದಿದ್ದರು. ಇತ್ತ ಮುಜಾಫರ, 'ಬಂದಾಗ ಒಂದು ಮಾತು ಕೇಳಬೇಕು' ಎಂದಿದ್ದ. ಆ ಮಾತಿಗಾಗಿ ಅವಳು ಬೆಳಿಗ್ಗೆಯಿಂದ ಹೊಸ ಬಿಳಿ ದುಪಟ್ಟಾ ಹೊದ್ದು ಕಾದಿದ್ದಳು. ಖಾರದ ಗಿರಣಿಯಲ್ಲಿ, ಬಿಳಿ ದುಪಟ್ಟಾ!

"ಮಳೆಗಾಲದೊಳಗೆ ಖಾರ ತುಂಬಿಸಿಟ್ಕೊಳ್ಬೇಕು ನಾವು," ಎನ್ನುತ್ತ ಅವನು ಬ್ಯಾಡಗಿ ಪೇಟೆಯಲ್ಲೇ ಕೊಂಡ ಮೆಣಸಿನಕಾಯಿಯ ನಾಲ್ಕು ಚೀಲ ಇಳಿಸಿದ. "ಬೇರೆ ಬೇರೆ ಬೀಸಿ. ಚೀಟಿ ಬರ್ಕೊಳ್ಳಿ. ಅಮೀರಬಿ, ಐದು ಕಿಲೋ."

ತಾಯಿ ಇರಬಹುದು ಎಂದುಕೊಂಡು ಬರೆದಳು.

"ಮುಮ್ತಾಜಬಿ, ನಾಲ್ಕು."

ಅಕ್ಕ ಇರಬಹುದು...

"ಅಫ್ರೀನ್, ಎರಡು. ಅವಳಿಗೆ ಖಾರ ತಾಗಿದ್ರೆ ಅಳ್ತಾಳೆ. ಆಮೇಲೆ ನಾನೇ ಎತ್ಕೊಂಡು ಸಮಾಧಾನ ಮಾಡ್ಬೇಕು."

ಪೆನ್ನು ನಿಂತಿತು. ಎತ್ತಿಕೊಂಡು? ಹಾಗಾದರೆ ಹೆಂಡತಿಯೇ?

'ಯಾ ಅಲ್ಲಾ... ಇಂಥವನಿಗಾಗಿ ನಾನು ಹೊಸ ದುಪಟ್ಟಾ ಹೊದ್ದೆನಾ!'

"ಒಟ್ಟು ಎಷ್ಟು ಮಂದಿ ಅದಾರ್ರಿ?"

"ಕೇರಿಯಲ್ಲಿ ಹನ್ನೊಂದು. ಈ ಸಲ ಮೂರಕ್ಕೇ ತಂದೆ," ಎಂದ ಪುಣ್ಯಾತ್ಮ, ಮೂಗು ಒರೆಸಿಕೊಳ್ಳುತ್ತ.

"ದಾದಿ, ರಾಣೆಬೆನ್ನೂರಿಗೆ ಫೋನ್ ಹಚ್ಚು. ಹೂಂ ಅಂತ ಹೇಳು." ಕಣ್ಣು ಉರಿಯುತ್ತಿತ್ತು. ಈ ಸಲ ಖಾರದಿಂದಲ್ಲ.

ಬಿಸ್ಮಿಲ್ಲಾಬಿ ಫೋನ್ ಕೈಗೆತ್ತಿಕೊಂಡಳು. ಆದರೆ ಎಪ್ಪತ್ತು ವರ್ಷ ಸುಮ್ಮನೆ ಬದುಕಿರಲಿಲ್ಲ ಆಕೆ. "ಹಚ್ತೇನಿ, ತಡಿ. ಬಾಬಾ, ಆ ಹನ್ನೊಂದು ಮಂದಿ ನಿನಗ ಏನಾಗಬೇಕು?"

"ಎಂತ ಆಗ್ಬೇಕು? ಅವು ಮನೆಗಳು ದಾದಿ."

ಇಬ್ಬರೂ ಅವನನ್ನೇ ನೋಡಿದರು.

"ನಮ್ಮೂರು ಅಂದ್ರೆ ಒಂದು ಮರಳು ಪಟ್ಟಿ. ಈಚೆ ಹೊಳೆ, ಆಚೆ ಸಮುದ್ರ. ಸಿಕ್ಸರ್ ಹೊಡೆದ್ರೆ ಚೆಂಡು ಎರಡರಲ್ಲಿ ಒಂದಕ್ಕೆ ಬೀಳ್ತದೆ. ಸಮುದ್ರ ಮೂರು ಸಲ ಊರನ್ನ ಹಿಂದಕ್ಕೆ ದಬ್ಬಿದೆ, ಮನೆ ನಂಬರೆಲ್ಲ ನೀರಿಗೆ ಹೋದವು. ಮೊದಲು ಗಂಡಸರು ಹಾಯಿಹಡಗಲ್ಲಿ ಹೋದ್ರೆ ಆರು ತಿಂಗಳು ಬರ್ತಿರ್ಲಿಲ್ಲ. ಮನೇಲಿ ಇರೋದು ಹೆಂಗಸರು, ಹಾಗಾಗಿ ಮನೆಗೂ ಅವರದ್ದೇ ಹೆಸರು. ಅಮೀರಬಿ ತೀರ್ಕೊಂಡು ನಲವತ್ತು ವರ್ಷ ಆಯ್ತು. ಮನೆಗೆ ಈಗ್ಲೂ ಅದೇ ಹೆಸರು."

ಹೊಳೆ, ಮರಳು, ಸಮುದ್ರ ಎಲ್ಲ ಸಾಜಿಯಾಳಿಗೆ ಫೋನಿನಲ್ಲಿ ಕೇಳಿ ಬಾಯಿಪಾಠವಾಗಿತ್ತು. ಈ ಒಂದು ಸಂಗತಿ ಮಾತ್ರ ಮಹಾಶಯ ಹೇಳಿರಲಿಲ್ಲ.

"ಮತ್ತ ಅಫ್ರೀನ್?"

"ಅಣ್ಣನ ಮಗಳು. ಅವಳು ಹುಟ್ಟಿದ ವಾರವೇ ಅಣ್ಣ ಹೊಸ ಮನೆಗೆ ಹೋದ, ಮನೆಗೂ ಅವಳದ್ದೇ ಹೆಸರು ಬಿತ್ತು. ಅವಳಿಗೆ ಮೂರು ವರ್ಷ ಈಗ."

ಸಾಜಿಯಾಳಿಗೆ ತಟ್ಟನೆ ಯಂತ್ರದಲ್ಲಿ ಬಹಳ ಕೆಲಸ ಕಂಡಿತು. ಬೆನ್ನು ತಿರುಗಿಸಿಕೊಂಡೇ ಕೇಳಿದಳು, "ನಾಲ್ಕನೇ ಚೀಲ ಯಾರದು?"

"ನನ್ನ ಮನೇದು. ಹೋದ ತಿಂಗಳು ಹಂಚು ಹೊದಿಸಿದೆ. ಹೆಸರಿಲ್ಲ ಇನ್ನೂ..." ಅವನ ಧ್ವನಿ ಸಣ್ಣದಾಯಿತು. "ಕೇಳ್ಬೇಕು ಅಂದಿದ್ದು ಅದೇ. ನಿಮ್ಮ ಹೆಸರು ಬರೀತೀರಾ?"

ದಾದಿ ಮೆಲ್ಲಗೆ ರಾಣೆಬೆನ್ನೂರಿನ ನಂಬರು ಒತ್ತಿದಳು; ಸಾಜಿಯಾ ಪೆನ್ನು ಕೈಗೆತ್ತಿಕೊಂಡಳು.

"ಒಮ್ಮೆ ಬರದ್ರ ನಲವತ್ತು ವರ್ಷ ಆದ್ರೂ ಅಳಸಾಂಗಿಲ್ಲ, ನೋಡ್ರಿ."

"ಸಮುದ್ರ ದಬ್ಬಿದ್ರೆ ಹೆಸರು ಎತ್ಕೊಂಡೇ ಹಿಂದೆ ಬರ್ತೇನೆ."

ಅವಳು ಬರೆದಳು. 'ಸಾಜಿಯಾ', ದಪ್ಪ ಅಕ್ಷರದಲ್ಲಿ.

"ರಾಣೆಬೆನ್ನೂರಿನವರು ಲೈನಿನಾಗ ಅದಾರ," ಎಂದಳು ದಾದಿ. "ಏನ್ ಹೇಳ್ಲಿ?"

"ಉಹೂಂ ಅಂತ ಹೇಳು ದಾದಿ. ಲಗೂ ಹೇಳು."

ಆಮೇಲೆ ಅವನ ಕಡೆ ತಿರುಗಿದಳು. "ನನಗ ಖಾರ ಭಾಳ ಬೇಕಾಗ್ತೈತಿ."

"ಈಗಷ್ಟೇ ಗೊತ್ತಾಯ್ತು," ಎಂದು ನಗಲು ಹೋಗಿ ಮತ್ತೆ ಸೀನಿದ. ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು.

ಸಾಜಿಯಾ ದುಪಟ್ಟಾದ ಅಂಚು ಚಾಚಿದಳು.

"ಒರಸ್ಕೊರಿ. ಹೆಂಗೂ ಕೆಂಪಾಗೇತಿ."