ಹಸಿರು ಬಟ್ಟೆಯ ಮೇಲಿನ ಸಮುದ್ರ

ಮಂಚದ ಮೇಲೆ ಕಂಬಳಿ ಹಾಸಿಕೊಂಡು ಅವನು ಹಸಿರು ಬೆಡ್‌ಶೀಟಿಗೆ ಇಸ್ತ್ರಿ ಹಾಕುತ್ತಿದ್ದ. ಒಂದು ಸುಕ್ಕು ಉಳಿದರೂ ನೆರಳು ಬೀಳುತ್ತದೆ, ನೆರಳು ಬಿದ್ದ ಕಡೆ, ಹಸಿರಿನ ಜಾಗದಲ್ಲಿ ಕಂಪ್ಯೂಟರು ಕೂರಿಸುವ ಸಮುದ್ರ ಹರಿದುಹೋಗುತ್ತದೆ. ತಂಗಿಯ ಗಂಡ, ಭಾವನಿಗೆ ಇದನ್ನು ಕಲಿಸಿಕೊಟ್ಟವನೇ ಅವನು. ಸ್ಟುಡಿಯೊ ಶುರುವಾದಾಗ ಭಾವನ ಹತ್ತಿರ ಇದ್ದದ್ದು ಒಂದು ಕ್ಯಾಮೆರಾ. ಗೋಡೆಗೆ ಹಸಿರು ಬಳಿದು, ತನ್ನ ಅಡುಗೆಮನೆಯ ಟ್ಯೂಬ್‌ಲೈಟು ಕಿತ್ತು ತಂದು ಬೆಳಕು ಕಟ್ಟಿದವನು ಇವನು.

"ನೀನು ಮನೆಯವನಪ್ಪ, ನಮ್ಮಿಬ್ಬರ ಮಧ್ಯೆ ಕಾಗದಪತ್ರ ಯಾಕೆ?" ಎಂದಿದ್ದ ಭಾವ. ಶಾಲೆ ಪಾಠಗಳ ವಿಡಿಯೊ ಮಾಡುವ ದೊಡ್ಡ ಕೆಲಸ ಸಿಕ್ಕಿದ್ದೇ ತಡ, ರಾಗ ಬದಲಾಯಿತು. "ಲೈಟು ಹಾಕೋಕೆ ಯಾರಾದ್ರೂ ಸಿಗ್ತಾರೆ ಕಣೋ. ನೀನು ಸ್ವಲ್ಪ ರೆಸ್ಟ್ ತಗೋ."

ತಂಗಿ ಅಲ್ಲೇ ಇದ್ದಳು. ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳಿಗೂ ಮೊದಲೇ ಗೊತ್ತಿತ್ತೇ?

ಪಾಠಗಳ ಡಿಸ್ಕುಗಳು ಸ್ಟುಡಿಯೊದಲ್ಲಿದ್ದವು. ಇನ್ನೊಂದು ಪ್ರತಿ ಇರಲಿಲ್ಲ, ಪ್ರತಿ ಮಾಡಿಡುತ್ತಿದ್ದವನೂ ಇವನೇ ಆಗಿದ್ದ. ಅವು ಕಾಲುವೆ ಸೇರಿದರೆ ಭಾವನ ಕತೆ ಮುಗಿಯಿತು. ಅದಕ್ಕೇ ಎರಡು ದಿನದ ಹಿಂದೆ ಸಮುದ್ರ ನೋಡಲು ಹೋಗುತ್ತೇನೆಂದು ಎಲ್ಲರೆದುರು ಬಸ್ಸು ಹತ್ತಿ, ಮುಂದಿನ ಊರಿನಲ್ಲಿ ಇಳಿದು, ಹಿತ್ತಿಲ ಬಾಗಿಲಿನಿಂದ ತನ್ನ ಮನೆ ಸೇರಿಕೊಂಡಿದ್ದ.

ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟಿದ. ಬಟ್ಟೆಗೆಂದೇ ಬೇರೆ ಎರಡು ಟ್ಯೂಬ್‌ಲೈಟು, ಬೆಳಕು ಮೆದುವಾಗಲು ಮುಂದೆ ಬೆಣ್ಣೆ ಕಾಗದ. ಕಿವಿಯ ಅಂಚಿಗೆ ಹಸಿರು ಬಡಿಯದಂತೆ ತಾನು ಬಟ್ಟೆಯಿಂದ ದೂರ ನಿಂತ. ಹಿಂದೊಮ್ಮೆ ತೆಗೆದಿದ್ದ ಸಮುದ್ರದ ವಿಡಿಯೊದಲ್ಲಿ ಬಿಸಿಲು ಬಲಗಡೆಯದು, ಆದ್ದರಿಂದ ಬಲಕ್ಕೆ ಜೋರು ದೀಪ. ಕೂದಲು ಹಾರಲು ಫ್ಯಾನು.

"ನೋಡೇ ಪುಟ್ಟೀ, ಇಲ್ಲಿ ಗಾಳಿ ಹೇಗಿದೆ," ಎಂದು ಕ್ಯಾಮೆರಾ ನೋಡಿ ನಕ್ಕ. ನಾಳೆ ಯಾರು ಕೇಳಿದರೂ ಸಾಕ್ಷಿ ಹೇಳಬೇಕಾದವಳು ತಂಗಿಯೇ.

ಮಾರನೆಯ ಮಧ್ಯಾಹ್ನ, ಸ್ಟುಡಿಯೊಕ್ಕೆ ವಾರದ ರಜೆ. ಚಿತ್ರೀಕರಿಸಿಟ್ಟ ಸಮುದ್ರ ನೇರಪ್ರಸಾರವೆಂಬಂತೆ ಮನೆಯ ಕಂಪ್ಯೂಟರಿನಿಂದ ತಂಗಿಯ ಫೋನಿನಲ್ಲಿ ಓಡುತ್ತಿರಲು, ಇವನು ಹಳೆಯ ಕೀಲಿಯಿಂದ ಸ್ಟುಡಿಯೊ ಬಾಗಿಲು ತೆರೆದ. ಕಿಟಕಿಯಿಲ್ಲದ ಕೋಣೆ. ಅಭ್ಯಾಸಬಲದಿಂದ ಕೈ ತನ್ನ ಸ್ವಿಚ್ಚಿಗೇ ಹೋಯಿತು. ಅದರ ಕೆಳಗೆ 'ಅಣ್ಣನ ಲೈಟು' ಎಂಬ ಚೀಟಿ ಇರುತ್ತಿತ್ತು. ಈಗ ಹೊಸದು ಅಂಟಿತ್ತು: 'ಹೊಸಬರ ಲೈಟು'. ಅದೇ ದುಂಡು ಅಕ್ಷರ, ತಂಗಿಯದು. ಕೆಳಗೆ ಅವಳೇ ಹಾಕಿದ ತಾರೀಕು. ಇವನನ್ನು ಹೊರಗೆ ಹಾಕುವುದಕ್ಕೂ ಒಂದು ವಾರ ಮೊದಲಿನದು.

ಡಿಸ್ಕುಗಳು ಕಾಲುವೆಯಲ್ಲಿ ಮುಳುಗಿದವು. ಕೈಗವಸಿತ್ತು, ಬೀದಿಯಲ್ಲಿ ನರಪಿಳ್ಳೆಯಿರಲಿಲ್ಲ. ಅಂಗಿಯ ಒಳಜೇಬಿನಲ್ಲಿ ತಂಗಿಗೆ ಬರೆದ ಪತ್ರವಿತ್ತು. 'ಇನ್ನು ನನಗೆ ತಂಗಿ ಇಲ್ಲ' ಎಂಬ ಒಂದೇ ಸಾಲು. ಕೆಲಸ ಹೋದ ದಿನ ಬರೆದು, ಪಾಪ ಅವಳಿಗೆ ಗೊತ್ತಿರಲಿಕ್ಕಿಲ್ಲವೆಂದು ತಿಂಗಳುಗಟ್ಟಲೆ ತಡೆದಿಟ್ಟದ್ದು. ತಿರುವಿನ ಅಂಚೆ ಡಬ್ಬಿಯ ಮುಂದೆ ನಿಂತು ಅದನ್ನು ಒಳಗೆ ತಳ್ಳಿದ. ಕ್ಯಾಮೆರಾಕ್ಕೆ ಕಾಣದ್ದು ಇದ್ದರೂ ಇಲ್ಲದಂತೆಯೇ ಎಂದು ಜೀವಮಾನವಿಡೀ ಕೆಲಸ ಮಾಡಿದವನು, ದಿನಾ ಸಂಜೆ ಖಾಲಿ ಮಾಡುವ ಆ ಡಬ್ಬಿಯ ಪತ್ರಗಳ ಮೇಲೆ ಈ ಊರಿನ ಹೆಸರೂ ಇವತ್ತಿನ ತಾರೀಕೂ ಅಂಚೆ ಮುದ್ರೆಯಾಗಿ ಕಪ್ಪಗೆ ಬೀಳುತ್ತವೆ ಎಂಬುದನ್ನು ಮಾತ್ರ ನೆನೆಯಲಿಲ್ಲ.